ಹೊಟ್ಟೆಯ ಗಂಟು ಯಾರ ಕಡೆಯದು

ಅನ್ನೂರು,
11-6-2024

ಅತ್ತೆಯವರಿಗೆ ಶಿವಗಾಮಿಯ ನಮಸ್ಕಾರ.

ಮಂಡಿನೋವು ಹೇಗಿದೆ? ಮಗಳ ಮನೆಯೆಂದು ಮಾತ್ರೆ ಬಿಡಬೇಡಿ. ಫೋನಿನಲ್ಲಿ ನನ್ನ ದನಿ ಕೇಳಿದೊಡನೆ ನಾದಿನಿಯ ಕೈಗೆ ಕೊಡುತ್ತೀರಿ, ಅದಕ್ಕೇ ಈ ಕಾಗದ. ನೀವು ಕೊಳ್ಳೇಗಾಲದಲ್ಲಿ ಓದಿದವರು, ನಾನು ಚಾಮರಾಜನಗರದವಳು. ಈ ಮನೆಯಲ್ಲಿ ಕನ್ನಡ ಅಕ್ಷರ ಬರುವುದು ನಮ್ಮಿಬ್ಬರಿಗೇ.

ನಿಮ್ಮ ಮೊಮ್ಮಗಳು ಜನನಿಗೆ ಎರಡನೆಯ ಕೀಮೋ ಮುಗಿಯಿತು. ಕೂದಲೆಲ್ಲ ಉದುರಿದೆ, ಆದರೆ ಹೊಟ್ಟೆಯ ಗಂಟು ಅರ್ಧಕ್ಕೆ ಇಳಿದಿದೆ. ನರಗಳ ಎಳೆಯ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಎಂದರಲ್ಲ ಡಾಕ್ಟರಮ್ಮ, ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಬಸುರಿಯಾಗಿದ್ದಾಗ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಕೆಲಸಕ್ಕೆ ಹೋದದ್ದೇ ಕಾರಣವೆಂದು ನೀವು ನನ್ನನ್ನು ಅಂದಿರಿ. ನಾನೇನು ಕಡಿಮೆ? ನೀವು ಮಗುವಿಗೆ ಕೊಡುತ್ತಿದ್ದ ನಾಟಿ ಔಷಧದ ಪುಡಿಯನ್ನು ಕದ್ದು ಒಯ್ದು ಡಾಕ್ಟರಮ್ಮನಿಗೆ ತೋರಿಸಿದೆ. ಇವರು ದುಡಿಯುವ ಕುರಿಚಿಯ ಫೌಂಡ್ರಿಯ ಹೊಗೆಯನ್ನೂ ಹೇಳಿದೆ. ಇಂಥದ್ದರಿಂದಲೇ ಬಂತೆನ್ನಲು ಆಧಾರವಿಲ್ಲ, ಹೀಗೆ ಮಾಡಿದ್ದರೆ ತಪ್ಪಿಸಬಹುದಿತ್ತು ಎನ್ನುವುದೂ ಇಲ್ಲ ಎಂದರು ಅವರು.

ಆಮೇಲೆ ಒಂದು ದಿನ, ನೀವೂ ಇದ್ದಾಗಲೇ, ಕೇಳಿದರಲ್ಲ: ತೀರಾ ಅಪರೂಪಕ್ಕೆ ಕೆಲವು ಮನೆತನಗಳಲ್ಲಿ ವಂಶವಾಗಿ ಬರುವುದುಂಟು, ಇಂಥ ಕಾಯಿಲೆಯ ಮಗು ಹಿಂದೆ ನಿಮ್ಮ ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು. ಇಲ್ಲವೆಂದು ಇವರು ಹೇಳಿದರು. ನೀವು ಎದ್ದು ಹೊರಗೆ ಹೋದಿರಿ. ಮರುದಿನವೇ ವೆಳ್ಳಕೋಯಿಲಿನ ಮಗಳ ಮನೆಗೆ ಬಸ್ಸು ಹತ್ತಿದಿರಿ. ಅದು ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಪಕ್ಕದ ಮನೆಯ ಮುತ್ತಮ್ಮಾಳ್ ಅವರನ್ನು ಕೆದಕಿ ಕೇಳಿದೆ. "ನಿಮ್ಮತ್ತೇಗೆ ಮೊದಲು ಒಂದು ಗಂಡು ಇತ್ತಮ್ಮಾ. ಹೊಟ್ಟೆ ಊದಿ, ಎರಡು ವರ್ಷಕ್ಕೇ ಹೋಯ್ತು" ಎಂದರು.

ದೂರಲು ಬರೆಯುತ್ತಿಲ್ಲ ಅತ್ತೆ. ಆ ಸಂಕಟ ಈಗ ನನಗೂ ಗೊತ್ತು. ಆದರೆ ಚಿಕ್ಕವಳು ಸರಣ್ಯಾಗೆ ಇನ್ನೂ ಏಳೇ ತಿಂಗಳು. ವಂಶದ್ದೇ ಆದರೂ ಬರದಂತೆ ತಡೆಯಲಾಗದಂತೆ. ರಕ್ತ ಪರೀಕ್ಷೆ ಮಾಡಿಸಿ, ಆಗಾಗ ಸ್ಕ್ಯಾನ್ ನೋಡುತ್ತಿದ್ದರೆ ಬೇಗ ಗೊತ್ತಾಗಬಹುದಂತೆ. ಆ ಮಗುವಿನ ವಿಷಯವನ್ನು ಡಾಕ್ಟರಮ್ಮನಿಂದ ಮುಚ್ಚಿಡಬೇಡಿ.

ನಾದಿನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ನಿಮ್ಮ ಆಶೀರ್ವಾದ ಜನನಿಯ ಮೇಲಿರಲಿ.

ನಿಮ್ಮ ಸೊಸೆ,
ಶಿವಗಾಮಿ

ತಾ.ಕ.: ಕವರು ಅಂಟಿಸುವಾಗ ಇವರು ಬಂದರು. ಯಾರಿಗೆ ಕಾಗದ ಎಂದು ಕೇಳಿದರು, ಹೇಳಿದೆ. "ಅಮ್ಮ ಅವತ್ತೇ ಡಾಕ್ಟರ್ ಹತ್ರ ಹೇಳ್ತೀನಿ ಅಂದ್ರು. ನಾನೇ ಬೇಡ ಅಂದೆ. ನಮ್ಮ ಮನೆತನದಿಂದ್ಲೇ ಬಂತು ಅಂತ ನೀನು ದೂರ್ತೀಯ ಅಂತ" ಎಂದರು. ಇಷ್ಟು ದಿನ ನಿಮ್ಮ ಮೇಲೆ ಅನುಮಾನ ಪಟ್ಟೆ, ಕ್ಷಮಿಸಿ. ಮುಂದಿನ ಸೋಮವಾರ ಸರಣ್ಯಾಳನ್ನು ತೋರಿಸಲು ಹೋಗುತ್ತೇನೆ. ನೀವು ಭಾನುವಾರವೇ ಬಂದುಬಿಡಿ. ಬರಲು ಇವರ ಒಪ್ಪಿಗೆ ಕೇಳಬೇಡಿ.