ನಾನು ಸತ್ತ ಸುದ್ದಿಯ ಕಾರ್ಡು

ಪ್ರೀತಿಯ ಇಲ್ದಿಕೊ ಅವರಿಗೆ,

ತಕೊರಾಡಿಯಿಂದ ಅರಾಬಾ ಮಾಡುವ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ. ಕಾಗದದ ಮೊದಲಲ್ಲಿ ಎಲ್ಲರೂ ಸುಮ್ಮನೆ ಬರೆಯುವ ಈ ಮಾತನ್ನು ನಾನು ಈ ಸಲ ಬೇಕೆಂದೇ ಬರೆಯುತ್ತಿದ್ದೇನೆ. ನೀವು ಮಾಡಿ ಕಳಿಸಿದ ಕಾರ್ಡು ತಲುಪಿತು. ತಲುಪಿದ ಮೇಲೆ ಇಲ್ಲಿ ನಡೆದದ್ದನ್ನು ಕೇಳಿದರೆ ನಿಮಗೆ ನಗು ಬರುತ್ತದೋ ಅಳು ಬರುತ್ತದೋ ತಿಳಿಯದು. ನನಗೆ ಎರಡೂ ಬಂದುಹೋಗಿವೆ. ನಿಮ್ಮ ಮೇಲೆ ಸಿಟ್ಟಾಗಬೇಕೋ, ನಿಮ್ಮ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಳ್ಳಬೇಕೋ ತೀರ್ಮಾನವಾಗದೆ ಬರೆದ ಕಾಗದಗಳನ್ನೆಲ್ಲ ಹರಿದು ಹಾಕಿದ್ದೇನೆ. ಇದನ್ನು ಹರಿಯದೆ ಅಂಚೆಗೆ ಹಾಕಬೇಕು ಎಂದುಕೊಂಡಿದ್ದೇನೆ.

ನಾವಿಬ್ಬರೂ ಇಷ್ಟುದ್ದ ಮಾತಾಡಿದವರೇ ಅಲ್ಲ. ಹಂಗೇರಿಯಿಂದ ನೀವು ಕತ್ತರಿಸಿ ಅಂಟಿಸಿದ ಒಂದು ಚಿತ್ರ, ಘಾನಾದಿಂದ ನನ್ನದೊಂದು ಚಿತ್ರ, ಬೆನ್ನಿಗೆ ಒಂದು ಸಾಲು, ಅದೂ ಇಬ್ಬರಿಗೂ ಅರ್ಧಂಬರ್ಧ ಬರುವ ಇಂಗ್ಲಿಷಿನಲ್ಲಿ. ನಿಮ್ಮ ಮುಖ ನನಗೆ ಗೊತ್ತಿಲ್ಲ, ನಿಮ್ಮ ಕತ್ತರಿ ಗೊತ್ತು. ಮೂಲೆ ತಿರುಗುವಾಗ ಅದು ತುಸು ವಾಲುತ್ತದೆ. ನೀವು ಎಡಗೈಯವರಿರಬೇಕು. ನಮ್ಮಲ್ಲಿ ಎಡಗೈಯಲ್ಲಿ ಏನಾದರೂ ಕೊಟ್ಟರೆ ಹಿರಿಯರು ಮುಖ ತಿರುಗಿಸುತ್ತಾರೆ. ನಿಮ್ಮಿಂದ ಮಾತ್ರ ಇಷ್ಟು ವರ್ಷ ಸಂತೋಷವಾಗಿಯೇ ತೆಗೆದುಕೊಂಡೆ.

ನಿಮಗೆ ಹೇಳದೆ ಉಳಿದ ಒಂದು ಸಂಗತಿಯಿದೆ. ನಾನು ಕತ್ತರಿಸಿ ಅಂಟಿಸಿ ನಿಮಗೆ ಕಳಿಸುತ್ತಿದ್ದ ಆ ಕೆಂಪು ಚಿನ್ನದ ಅಂಚುಗಳು, ನಗುವ ಮುಖಗಳು, 'ಜೀವನದ ಸಂಭ್ರಮ', 'ಮಹಿಮೆಯ ಕರೆ' ಎಂಬ ದಪ್ಪಕ್ಷರಗಳು, ಎಲ್ಲವೂ ಸಾವಿನ ಸುದ್ದಿ ಸಾರಲು ಹಚ್ಚುವ, ಸತ್ತವರ ಪೋಸ್ಟರುಗಳ ತುಂಡುಗಳು. ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಅಚ್ಚಾಗುವುದು ಹೆಚ್ಚಾಗಿ ಅವೇ. ಬಣ್ಣ ಹೆಚ್ಚುಕಮ್ಮಿಯಾಗಿ ಕೆಟ್ಟ ಹಾಳೆಗಳನ್ನು ಯಜಮಾನರು ನನಗೆ ಕೊಡುತ್ತಾರೆ. ಇದನ್ನು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಮ್ಮ ಗೋಡೆ, ಕಂಬ, ಬಸ್ಸಿನ ಹಿಂಭಾಗ ಎಲ್ಲಿ ನೋಡಿದರೂ ಅವೇ ಇರುವಾಗ ಜಗತ್ತೆಲ್ಲ ಹೀಗೆಯೇ ಎಂದುಕೊಂಡಿದ್ದೆ. ನೀವು ಅವನ್ನು ಹಬ್ಬದ ಪೋಸ್ಟರು ಎಂದುಕೊಂಡಿರಿ. ಹೋದ ವರ್ಷ 'ನಿಮ್ಮ ಮುಖ ಕಳಿಸಿ' ಎಂದು ನೀವು ಅಂಚೆಯಲ್ಲಿ ಚಿತ್ರ ಕಳಿಸಿಕೊಳ್ಳುವ ನಮ್ಮ ಬಳಗದ ಎಲ್ಲರಿಗೂ ಬರೆದಾಗ ನಾನು ಕಳಿಸಿದ್ದ ಫೋಟೋವನ್ನು ಈ ಕಾರ್ಡಿನ ನಡುವೆ ಇಟ್ಟಿರಿ. ಸುತ್ತ ಚಿನ್ನದ ಅಂಚು, ಮೇಲೆ 'ಮಹಿಮೆಯ ಕರೆ', ಕೆಳಗೆ ನನ್ನ ಹೆಸರು, ವಯಸ್ಸು. ಅದಕ್ಕೂ ಕೆಳಗೆ 'ಸೋದರ ಸೋದರಿಯರು' ಎಂದು ನಮ್ಮ ಅಂಚೆ ಬಳಗದವರ ಹೆಸರುಗಳು, ಒಸಾಕಾದ ತೆರುವೊ, ಪೋರ್ಟೊ ಅಲೆಗ್ರೆಯ ಜಾಸಿರಾ, ಕೊನೆಗೆ ನೀವು. ಬೆನ್ನಿಗೆ, 'ನಿಮ್ಮೂರಿನ ರೀತಿಯಲ್ಲೇ ನಿಮ್ಮನ್ನು ಗೌರವಿಸಿದ್ದೇನೆ' ಎಂದು ಬರೆದಿರಿ. ಎಷ್ಟು ಚೆನ್ನಾಗಿ ಮಾಡಿದ್ದೀರಿ ಎಂದರೆ ನಮ್ಮ ಪ್ರೆಸ್ಸಿನಲ್ಲೂ ಅಷ್ಟು ಅಚ್ಚುಕಟ್ಟಾಗಿ ಆಗುವುದಿಲ್ಲ.

ಲಕೋಟೆಗೆ ಹಾಕಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಬರಿಮೈಯಲ್ಲಿ ಕಳಿಸುವುದೇ ನಮ್ಮ ಬಳಗದ ಹೆಮ್ಮೆಯಲ್ಲವೇ, ಅಂಚೆಯ ಮುದ್ರೆಯೂ ದಾರಿಯ ಗೀರೂ ಚಿತ್ರದ್ದೇ ಭಾಗವೆಂದು. ನಿಮಗೆ ಕೊಟ್ಟಿರುವುದು ನಮ್ಮೂರು ಕೇಪ್ ಕೋಸ್ಟಿನ ಅಂಚೆ ಕಚೇರಿಯಲ್ಲಿರುವ ನಮ್ಮಪ್ಪನ ಹಳೆಯ ಪೆಟ್ಟಿಗೆಯ ವಿಳಾಸ. ನಾನು ಬಾಡಿಗೆ ಕೋಣೆಗಳನ್ನು ಬದಲಿಸುತ್ತಲೇ ಇರುವವಳು, ಅದೊಂದೇ ಬದಲಾಗದ್ದು. ಅದರ ಕೀಲಿ ನನ್ನಣ್ಣ ಕ್ವಾಮೆನಾನ ಹತ್ತಿರವಿದೆ. ಅವನು ನನ್ನ ಅಂಚೆಯನ್ನು ನಮ್ಮ ದೊಡ್ಡಮ್ಮ ಮೆಕ್ಕೆಜೋಳದ ಕೆಂಕೆ ಉಂಡೆ ಮಾರುವ ಅಂಗಡಿಯಲ್ಲಿಟ್ಟು ಹೋಗುತ್ತಾನೆ. ನಾನು ಬಿಡುವಾದ ಭಾನುವಾರ ಹೋಗಿ, ಕೆಂಕೆಯನ್ನೂ ಹುರಿದ ಮೀನನ್ನೂ ತಿಂದು, ಅಂಚೆ ತೆಗೆದುಕೊಂಡು ಬರುತ್ತೇನೆ. ಹೀಗೆ ಅಣ್ಣತಂಗಿ ಮುಖ ನೋಡದೆ ಏಳು ವರ್ಷ ಕಳೆದೆವು.

ಅವನು ತನ್ನ ಸ್ನೇಹಿತನಿಗೆ ನನ್ನನ್ನು ಕೊಟ್ಟು ಮದುವೆ ಮಾಡಿದ್ದ. ಆ ಗಂಡನ ಹೊಡೆತ ತಡೆಯಲಾರದೆ ನಾನು ಮನೆ ಬಿಟ್ಟೆ. ಅಣ್ಣನಿಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ಅದರ ಮುಂದಿನ ವರ್ಷ ಅಮ್ಮ ತೀರಿಕೊಂಡಳು. ಬಸ್ಸಿಳಿದು ಮನೆಗೆ ಓಡುತ್ತಿದ್ದಾಗ ದೀಪದ ಕಂಬದಲ್ಲಿ ಅಮ್ಮನ ಪೋಸ್ಟರು ಕಂಡಿತು. 'ಮಕ್ಕಳು' ಎಂಬಲ್ಲಿ ಕ್ವಾಮೆನಾ ಒಬ್ಬನ ಹೆಸರೇ ಇತ್ತು. ಅಮ್ಮನಿಗೆ ಮಗಳೇ ಹುಟ್ಟಿಲ್ಲ ಎಂದು ಊರಿನ ಗೋಡೆಗಳೆಲ್ಲ ಹೇಳುತ್ತಿದ್ದವು. ಮಣ್ಣು ಮುಗಿದ ಕೂಡಲೇ ಹೊರಟವಳು ಮತ್ತೆ ಅಣ್ಣನ ಮುಖ ನೋಡಲಿಲ್ಲ. ನಾನು ಆ ಪೋಸ್ಟರುಗಳನ್ನು ಕತ್ತರಿಸತೊಡಗಿದ್ದು ಆ ಮೇಲೆಯೇ, ಇಲ್ದಿಕೊ. ಯಾಕೆ ಎಂದು ನೀವು ಎಂದೂ ಕೇಳಲಿಲ್ಲ, ನಮ್ಮ ಬಳಗದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಈಗ ಕಾರ್ಡಿನ ಕತೆ. ಅಂಚೆ ಗುಮಾಸ್ತ ಅದನ್ನು ನೋಡಿ ಎದ್ದು ನಿಂತು ಅಣ್ಣನ ಕೈಗೆ ಕೊಟ್ಟನಂತೆ. ಅಣ್ಣ ನೇರವಾಗಿ ದೊಡ್ಡಮ್ಮನ ಅಂಗಡಿಗೆ ಹೋದ. ದೊಡ್ಡಮ್ಮನಿಗೆ ಓದು ಬಾರದು, ಆದರೆ ಅಂಥ ಪೋಸ್ಟರಿನಲ್ಲಿ ನನ್ನ ಮುಖವಿದ್ದರೆ ಓದುವುದೇನಿದೆ? "ಸಮುದ್ರದ ಆಚೆಯೋರಿಗೆಲ್ಲ ಗೊತ್ತಾಗಿದೆ, ನಮಗೇ ಗೊತ್ತಿಲ್ವಲ್ಲೋ!" ಎಂದು ಎದೆ ಬಡಿದುಕೊಂಡಳಂತೆ. ಅವರಿಗೆ ಸಾವಿಗಿಂತ ಆ ನಾಚಿಕೆಯೇ ಹೆಚ್ಚು ಚುಚ್ಚಿತೇನೋ. ಮರುದಿನ ಅಣ್ಣ, ದೊಡ್ಡಮ್ಮ, ನಮ್ಮ ಕುಲದ ಹಿರಿಯರೊಬ್ಬರು, ಮೂವರೂ ಕಪ್ಪು ಬಟ್ಟೆಯುಟ್ಟು ತಕೊರಾಡಿಯ ವ್ಯಾನು ಹತ್ತಿದರು. ಸತ್ತವರ ದೇಹ ತಾಯಿಯ ಕಡೆಯವರಿಗೆ ಸೇರಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ನನ್ನ ಕೋಣೆ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ, ಪ್ರೆಸ್ಸು ಗೊತ್ತಿತ್ತು.

ಕಪ್ಪು ಬಟ್ಟೆಯವರು ಒಳಗೆ ಬಂದರೆ ನಮ್ಮ ಯಜಮಾನರಿಗೆ ಅದು ವ್ಯಾಪಾರ. "ಅಯ್ಯೋ ಪಾಪ, ಕೂತ್ಕೊಳಿ. ಫೋಟೋ ತಂದಿದೀರಾ? ಎಷ್ಟು ಪ್ರತಿ ಬೇಕು?" ಎಂದರು. ಅಣ್ಣ ನಿಮ್ಮ ಕಾರ್ಡನ್ನು ಮೇಜಿನ ಮೇಲಿಟ್ಟು, "ನಿಮ್ಮಲ್ಲಿ ಕೆಲ್ಸಕ್ಕಿದ್ದ ನನ್ನ ತಂಗಿ ಇವ್ಳು. ಹೆಣ ಎಲ್ಲಿಟ್ಟಿದೀರಿ? ನಮಗೆ ಜಗಳ ಬೇಡ, ಕೊಟ್ಬಿಡಿ" ಎಂದ. ಯಜಮಾನರು ಕಾರ್ಡನ್ನು ನೋಡಿದರು, ಅವನನ್ನು ನೋಡಿದರು, ಒಳಗಿನ ಬಾಗಿಲ ಕಡೆ ತಿರುಗಿ, "ಅರಾಬಾ, ನಿನ್ನ ಹೆಣ ಕೇಳ್ಕೊಂಡು ಬಂದಿದಾರೆ, ಒಂಚೂರು ಬಂದು ಹೋಗಮ್ಮ" ಎಂದು ಕೂಗಿದರು.

ನಾನು ಮಸಿ ಒರೆಸಿಕೊಳ್ಳುತ್ತ ಹೊರಗೆ ಬಂದೆ. ಕುಲದ ಹಿರಿಯರು ಕೋಲನ್ನೂ ಬಿಟ್ಟು ಬೀದಿಗೆ ಓಡಿದರು. ದೊಡ್ಡಮ್ಮ ಹತ್ತಿರ ಬಂದು ನನ್ನ ಕೆನ್ನೆ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು, ಕೊನೆಗೆ ತೋಳನ್ನು ಜೋರಾಗಿ ಜಿಗುಟಿದಳು. "ಬಿಸಿಯಾಗಿದಾಳೆ ಕಣ್ರೋ, ಬಿಸಿಯಾಗಿದಾಳೆ!" ಎಂದು ಅಳತೊಡಗಿದಳು. ಅಣ್ಣ ಕಾಗದದ ಕಟ್ಟಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅವನು ಅಳುವುದನ್ನು ನಾನು ಅಮ್ಮ ಸತ್ತಾಗಲೂ ನೋಡಿರಲಿಲ್ಲ. ಆ ಹೊತ್ತಿಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಕೈಯೆಲ್ಲ ಮಸಿಯೆಂದು ನಿಂತುಬಿಟ್ಟೆ.

ಅಷ್ಟರಲ್ಲಿ ಅವನು ಮುಖ ಎತ್ತಿ, ಕಾರ್ಡನ್ನು ನನ್ನ ಮೂಗಿನ ಹತ್ತಿರ ಹಿಡಿದು ಕೇಳಿದ: "ಇದ್ರಲ್ಲಿ ನನ್ನ ಹೆಸ್ರು ಯಾಕಿಲ್ಲ? ಒಂದೇ ಹೊಟ್ಟೇಲಿ ಹುಟ್ಟಿದೋನು ನಾನು. ಸತ್ತಾಗ ಯಾವನೋ ಜಪಾನಿನೋನು ನಿಂಗೆ ಅಣ್ಣನಾ?"

ಇಲ್ದಿಕೊ, ಈ ಪ್ರಶ್ನೆಗೆ ಉತ್ತರ ನನ್ನ ಬಾಯಲ್ಲಿ ಏಳು ವರ್ಷಗಳಿಂದ ಸಿದ್ಧವಾಗಿತ್ತು. ಬಟ್ಟೆ ಒಗೆಯುವಾಗ, ಅಡುಗೆ ಮಾಡುವಾಗ ಅದನ್ನು ಜೋರು ದನಿಯಲ್ಲಿ ಹೇಳಿ ಹೇಳಿ ಪಳಗಿಸಿದ್ದೆ. ಹೇಳುವ ಹೊತ್ತು ಬಂದಾಗ ಮೆಲ್ಲಗೆ, "ಅಮ್ಮನ ಪೋಸ್ಟರಲ್ಲಿ ನನ್ನ ಹೆಸ್ರಿತ್ತಾ, ಅಣ್ಣಾ?" ಎಂದಷ್ಟೇ ಕೇಳಿದೆ.

ದೊಡ್ಡಮ್ಮ ಮೂಗೊರೆಸಿಕೊಂಡು, "ಸಾಕು ಬಿಡ್ರೋ, ಇಬ್ರಿಗೂ ಹೊಟ್ಟೆ ಹಸಿದಿದೆ" ಎಂದಳು. ಸಾವಿನ ಬಾಯಿಂದ ಬಂದವಳಿಗೆ ಎತೊ ತಿನ್ನಿಸದೆ ಬಿಡುವ ಹಾಗಿಲ್ಲ ಎಂದು ನನ್ನ ಕೋಣೆಗೇ ಬಂದು ಗೆಣಸು ಬೇಯಿಸಿ, ತಾಳೆಯ ಕೆಂಪೆಣ್ಣೆ ಹಾಕಿ ಹಿಸುಕಿದಳು. ಮೇಲಿಡುವ ಮೊಟ್ಟೆಗಳನ್ನು ಸುಲಿಯುವ ಕೆಲಸ ಅಣ್ಣನಿಗೆ ಕೊಟ್ಟಳು. ಅವನು ಅರ್ಧ ಬಿಳಿಯನ್ನು ಸಿಪ್ಪೆಯ ಜೊತೆಗೇ ಕಿತ್ತು ಹಾಕಿದ. "ನಲವತ್ತೈದು ತುಂಬಿದೆ, ಮೊಟ್ಟೆ ಸುಲಿಯೋಕೆ ಬರಲ್ಲ, ತಂಗಿಗೆ ಬುದ್ಧಿ ಹೇಳೋಕೆ ಬರುತ್ತೆ" ಎಂದು ದೊಡ್ಡಮ್ಮ ಚುಚ್ಚಿದಳು. ಅವನು ನನ್ನ ಗೋಡೆಯ ಮೇಲಿದ್ದ ನಿಮ್ಮ ಕಾರ್ಡುಗಳನ್ನು ಒಂದೊಂದಾಗಿ ನೋಡಿದ. ಹೋಗುವಾಗ ನನ್ನ ಸಾವಿನ ಕಾರ್ಡನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಹೋದ. ಕೇಳಿದರೂ ಕೊಡಲಿಲ್ಲ.

ಆ ದಿನದಿಂದ ನನ್ನ ತಲೆ ನೆಟ್ಟಗಿಲ್ಲ. ಅವನು ಅತ್ತದ್ದು ನನಗಾಗಿಯೋ, ಬಿಟ್ಟುಹೋದ ತನ್ನ ಹೆಸರಿಗಾಗಿಯೋ? ನನಗಾಗಿ ಎಂದು ನಂಬಲು ಆಸೆ. ನಂಬಿದರೆ ಅವನು ಮಾಡಿದ್ದೆಲ್ಲ ಮಾಫಾಗಿಬಿಡುತ್ತದಲ್ಲ ಎಂಬ ಸಂಕಟ. ಅವನು ನೊಂದದ್ದು ನೋಡಿ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಖುಷಿಯಾದ ಕೂಡಲೇ ಅಳು ಬಂತು.

ಹೋದ ವಾರ ಪ್ರೆಸ್ಸಿಗೆ ನನ್ನ ಹೆಸರಿಗೊಂದು ಅಂಚೆ ಬಂತು. ಲಕೋಟೆಯಿಲ್ಲ. ಅಮ್ಮನ ಹಳೆಯ ಪೋಸ್ಟರನ್ನು ರಟ್ಟಿಗೆ ಅಂಟಿಸಿ, ಬೆನ್ನಿಗೆ ಸ್ಟಾಂಪು ಹಚ್ಚಿ ಅಣ್ಣ ಕಳಿಸಿದ್ದ. ಅಂಟು ಎಲ್ಲೆಲ್ಲೂ ಉಬ್ಬಿದೆ, ಕತ್ತರಿಯಂತೂ ದೇವರಿಗೇ ಪ್ರೀತಿ. 'ಮಕ್ಕಳು' ಎಂಬಲ್ಲಿ ತನ್ನ ಹೆಸರಿನ ಕೆಳಗೆ ನೀಲಿ ಪೆನ್ನಿನಲ್ಲಿ ನನ್ನ ಹೆಸರು ಬರೆದಿದ್ದಾನೆ. ನಾನು ಪ್ರೆಸ್ಸಿನ ಮೆಟ್ಟಿಲಲ್ಲಿ ಕೂತು ಅದನ್ನು ಎದೆಗಿಟ್ಟುಕೊಂಡೆ. ಆಮೇಲೆ ಸರಿಯಾಗಿ ಓದಿದೆ. 'ಅರಾಬಾ ಅಮಿಸ್ಸಾ' ಎಂದಿತ್ತು. ಅಮಿಸ್ಸಾ ಎಂಬುದು ನಾನು ಬಿಟ್ಟುಬಂದ ಗಂಡನ ಹೆಸರು.

ಇದು ಮರೆವೋ, ಹಟವೋ? ಮಗಳೆಂದು ಒಪ್ಪಿದನೋ, ಆ ಗಂಡನ ಹೆಂಡತಿಯಾದರೆ ಮಾತ್ರ ಮಗಳು ಎಂದನೋ? ದೊಡ್ಡಮ್ಮನನ್ನು ಕೇಳಿದೆ. "ಬರೆದನಲ್ಲಾ, ಸುಮ್ನಿರು" ಎಂದಳು. ಸುಮ್ಮನಿರಲು ನನ್ನಿಂದ ಆಗಲಿಲ್ಲ, ಹರಿದು ಹಾಕಲೂ ಆಗಲಿಲ್ಲ. ನಮ್ಮ ಬಳಗದಲ್ಲಿ ಬಂದದ್ದನ್ನು ಯಾರೂ ತಿದ್ದಿಕೊಡಿ ಎಂದು ಕೇಳುವುದಿಲ್ಲ, ತನ್ನದನ್ನು ಸೇರಿಸಿ ಮುಂದೆ ಕಳಿಸುತ್ತಾರೆ. ನನಗೆ ತಿಳಿದ ದಾರಿ ಅದೊಂದೇ. ಅಮಿಸ್ಸಾ ಎಂಬುದರ ಮೇಲೆ ಚಿನ್ನದ ಕಾಗದದ ಪಟ್ಟಿಯೊಂದನ್ನು ಅಂಟಿಸಿದೆ. ಅರಾಬಾ ಎಂಬುದನ್ನು ಅವನ ಕೈಬರಹದಲ್ಲೇ ಬಿಟ್ಟೆ. ಬೆನ್ನಿಗೆ 'ನೀನೂ ಏನಾದರೂ ಸೇರಿಸಿ ಕಳಿಸು' ಎಂದು ಬರೆದು, ಇವತ್ತು ಬೆಳಿಗ್ಗೆ ಅಪ್ಪನ ಪೆಟ್ಟಿಗೆಯ ವಿಳಾಸಕ್ಕೆ ಹಾಕಿದೆ.

ಹಾಗಾಗಿ ಈ ಸಲ ನಿಮಗೆ ಚಿತ್ರವಿಲ್ಲ, ಕ್ಷಮಿಸಿ. ಮಾಡಿದ ಒಂದೇ ಒಂದು ಅಣ್ಣನಿಗೆ ಹೋಯಿತು. ಅವನು ಹರಿದು ಹಾಕುತ್ತಾನೋ, ಕಳಿಸುತ್ತಾನೋ ನನಗೆ ಗೊತ್ತಿಲ್ಲ.

ನಿಮ್ಮ ಎರಡೂ ಕೈ ಚೆನ್ನಾಗಿರಲಿ, ಆಯುಷ್ಯ ಗಟ್ಟಿಯಾಗಿರಲಿ, ನಿಮ್ಮವರು ನಿಮ್ಮ ಹೆಸರನ್ನು ಎಲ್ಲಿಯೂ ಬಿಡದಿರಲಿ.

ನಿಮ್ಮ,
ಅಂಚೆಯವನ ದಾರಿ ಕಾಯುತ್ತಿರುವ
ಅರಾಬಾ