ಗಿಣ್ಣುಹಾಲಿನ ಜಗಳ

ಹೊಳಗುಂದ
೧೨ ನವೆಂಬರ್ ೨೦೨೪

ನನ್ನ ಮಗಳು ಅಶ್ವಿನಿಗೆ ಅವ್ವನ ಆಶೀರ್ವಾದ.

ಅವ್ವ ಸತ್ತಳೋ ಬದುಕಿದ್ದಾಳೋ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ, ಗಟ್ಟಿಯಾಗಿದ್ದೇನೆ. ಐದು ವಾರದಿಂದ ಒಂದು ಮಾತೂ ತಿಳಿಸಲಿಲ್ಲ, ತಪ್ಪಾಯಿತು. ಫೋನು ಮಾಡಿದರೆ ನಿಮ್ಮತ್ತೆ ಎತ್ತುತ್ತಾಳೆ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾಳೆ. ವಾಯ್ಸ್ ಮೆಸೇಜು ಕಳಿಸಿದರೆ ಮನೆಮಂದಿಯೆಲ್ಲ ಕೂತು ಕೇಳುತ್ತೀರಿ. ಅದಕ್ಕೇ ಏಳನೇ ಕ್ಲಾಸಿನಲ್ಲಿ ಬಿಟ್ಟ ಪೆನ್ನು ಮತ್ತೆ ಹಿಡಿದಿದ್ದೇನೆ. ನಿಮ್ಮತ್ತೆ ಸುಭದ್ರಮ್ಮನಿಗೆ ತೆಲುಗು ಬಿಟ್ಟರೆ ಬೇರೆ ಅಕ್ಷರ ಬರದು, ಒಳ್ಳೆಯದೇ ಆಯಿತು. ನಮ್ಮ ಓಣಿಯ ಕೊಟ್ರೇಶ ಗೋನೆಗಂಡ್ಲದ ಕಡೆ ವ್ಯಾನು ಹೊಡೆಯುತ್ತಾನಲ್ಲ, ಅವನ ಕೈಯಲ್ಲಿ ಶೇಂಗಾ ಚೀಲದೊಳಗೆ ಇಟ್ಟು ಕಳಿಸುತ್ತಿದ್ದೇನೆ. ಬೀಗತಿಯನ್ನು ಬಹುವಚನದಲ್ಲಿ ಬರೆಯಬೇಕೆಂದು ನನಗೂ ಗೊತ್ತು. ಈ ಕಾಗದದಲ್ಲಿ ಬರೆಯುವುದಿಲ್ಲ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಕುರಿಗಳು ಈಯುವ ಕಾಲ, ಹಟ್ಟಿ ಬಿಟ್ಟು ಅಲ್ಲಾಡುವುದಿಲ್ಲ. ಇಲ್ಲಿಯವರೆಗೆ ಹದಿನಾಲ್ಕು ಮರಿ, ಎರಡು ಅವಳಿ. ನಿನ್ನ ತಮ್ಮ ದುರುಗೇಶ ತಂದೆಯಾದೆನೆಂದು ಮೀಸೆ ತಿರುವಿಕೊಂಡು ತಿರುಗುತ್ತಿದ್ದಾನೆ. ನಮ್ಮ ಸೊಸೆ ರಾಮಲಕ್ಷ್ಮಿ ಎದ್ದು ಓಡಾಡುತ್ತಾಳೆ. ಮಗು ಗುಂಡಗಿದೆ, ಅಳುವುದರಲ್ಲಿ ನಿನ್ನನ್ನೇ ಹೋಲುತ್ತದೆ.

ಈಗ ಜಗಳದ ವಿಷಯ. ನಿಮ್ಮತ್ತೆ ಒಂದು ಕಥೆ ಹೇಳಿರುತ್ತಾಳೆ. ನಡೆದದ್ದನ್ನು ನನ್ನ ಬಾಯಿಂದ ಕೇಳು.

ರಾಮಲಕ್ಷ್ಮಿಗೆ ತವರಿನಲ್ಲಿ ತಾಯಿ ಇಲ್ಲ, ಬಾಣಂತನ ನನ್ನದೇ. ಆದೋನಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಮಗು ಹುಟ್ಟಿತು. ನಮ್ಮಲ್ಲಿ ಮಾಡುವಂತೆ ನಾನೂ ಒಂದು ಸಣ್ಣ ಸೀಸೆಯಲ್ಲಿ ಕತ್ತೆ ಹಾಲು ತುಂಬಿಕೊಂಡು ಹೋಗಿದ್ದೆ. ಮೊದಲ ಮೂರು ದಿನ ತಾಯಿಯ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲಬೇಕು, ಅಲ್ಲಿಯವರೆಗೆ ಕತ್ತೆ ಹಾಲು, ಸಕ್ಕರೆ ನೀರು. ನನ್ನತ್ತೆ ನನಗೆ ಕಲಿಸಿದ್ದು ಅದನ್ನೇ. ರಾಮಲಕ್ಷ್ಮಿಗೆ ಹಿಂಡು ಎಂದು ಬಟ್ಟಲು ಹಿಡಿದು ನಿಂತಾಗ ನರ್ಸು ಹೇಮಾವತಿ ಬಂದಳು. ಹಾಲಹರವಿ ಕಡೆಯ ಹುಡುಗಿ, ಬಾಯಿ ಬಹಳ ಜೋರು. ಸೀಸೆಯಲ್ಲಿ ಏನಿದೆ ಎಂದು ಮೂಸಿ ನೋಡಿ, ನನ್ನನ್ನು ಬೆಂಚಿನ ಮೇಲೆ ಕೂರಿಸಿದಳು.

"ಯವ್ವಾ, ನಿಮ್ಮ ಕುರಿ ಈದರ ಮರಿಗಿ ಮೊದ್ಲ ಏನು ಕುಡಸ್ತೀರಿ?" ಎಂದು ಕೇಳಿದಳು.

"ಗಿಣ್ಣುಹಾಲು," ಅಂದೆ.

"ಅದನ್ನ ಮೂರು ದಿನ ಹಿಂಡಿ ಚೆಲ್ಲಂಗಿಲ್ಲೇನು?"

"ಹುಚ್ಚಿಯೇನು ನೀನು? ಮರಿ ಸಾಯ್ತೈತಿ."

ಹಾಗಂದದ್ದು ನಾನೇ. ನನ್ನ ಮಾತು ನನ್ನ ಕಿವಿಗೇ ಬಿತ್ತು. ಮೂವತ್ತು ವರ್ಷದಿಂದ ಹಟ್ಟಿಯಲ್ಲಿ ಮರಿ ಬಿದ್ದ ತಾಸಿನೊಳಗೆ ಅದರ ಬಾಯಿಯನ್ನು ಕೆಚ್ಚಲಿಗೆ ಹಚ್ಚುತ್ತಾ ಬಂದವಳು ನಾನು. ಎದ್ದು ನಿಲ್ಲಲಾರದ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಿನಿಂದ ಗಿಣ್ಣು ನೆಕ್ಕಿಸಿದ್ದೇನೆ. ಕುರಿಗೆ ತೋರಿಸಿದ ಬುದ್ಧಿಯನ್ನು ಹೆತ್ತವಳಿಗೆ ತೋರಿಸಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ಹೇಮಾವತಿ ಆಮೇಲೆ ಸಮಾಧಾನದಿಂದ ತಿಳಿಸಿ ಹೇಳಿದಳು. ಹುಟ್ಟಿದ ಮಗುವಿನ ಹೊಟ್ಟೆಯಲ್ಲಿ ಮೊದಲು ಯಾವ ಕ್ರಿಮಿಗಳು ಬಂದು ನೆಲೆಯಾಗುತ್ತವೆ ಎನ್ನುವುದು ದೊಡ್ಡ ಮಾತಂತೆ. ಕ್ರಿಮಿ ಎಂದರೆ ಎಲ್ಲವೂ ಕೆಟ್ಟವಲ್ಲ. ನಾವು ಹಾಲಿಗೆ ಹಾಕುವ ಹೆಪ್ಪಿನಲ್ಲಿ ಇರುವುದೂ ಕ್ರಿಮಿಯೇ. ಹೆಪ್ಪು ಒಳ್ಳೆಯದಾದರೆ ಮೊಸರು, ಇಲ್ಲದಿದ್ದರೆ ಹಾಲು ಕೆಡುತ್ತದೆ. ತಾಯಿಯ ಹಾಲಿನಲ್ಲಿ ಮಗುವಿಗೆ ಅರಗದ ಒಂದು ಬಗೆಯ ಸಕ್ಕರೆ ಇರುತ್ತದಂತೆ. ಮಗುವಿಗೆ ಅರಗದಿದ್ದರೆ ಯಾಕಿರಬೇಕು ಎಂದು ನಾನು ಕೇಳಿದೆ. ಅದು ಮಗುವಿಗಲ್ಲ, ಹೊಟ್ಟೆಯೊಳಗಿನ ಒಳ್ಳೆಯ ಕ್ರಿಮಿಗಳಿಗೆ ಅಂದಳು. ನೋಡು ಅಶ್ವಿನಿ, ಮಗುವಿಗೆ ಮಾತ್ರವಲ್ಲ, ಅದರ ಕಾವಲಿಗೆ ಬಂದವರಿಗೂ ಬುತ್ತಿ ಕಟ್ಟಿ ಕಳಿಸುತ್ತದೆ ಎದೆಹಾಲು. ನಾವು ಅದನ್ನು ಹಿಂಡಿ ಗೋಡೆಗೆ ಚೆಲ್ಲುತ್ತೇವೆ. ಆಪರೇಷನ್ ಆದ ಮಗುವಿಗೆ ಹುಟ್ಟುವ ದಾರಿಯಲ್ಲಿ ಸಿಗಬೇಕಾದ ಒಳ್ಳೆಯ ಕ್ರಿಮಿಗಳು ಸಿಗುವುದಿಲ್ಲವಂತೆ, ಅಂಥದಕ್ಕಂತೂ ಈ ಹಾಲು ಬೇಕೇ ಬೇಕು. ನಾನು ಸೀಸೆಯನ್ನು ಅವಳ ಮುಂದೆಯೇ ಬಚ್ಚಲಿಗೆ ಸುರಿದು ಬಂದೆ.

ಮೂರನೇ ದಿನ ನಿಮ್ಮತ್ತೆ ಮಗು ನೋಡಲು ಬಂದಳು. ಅವಳ ಕೈಯಲ್ಲೂ ಒಂದು ಸೀಸೆ! ಇನ್ನೂ ಹಾಕಿಲ್ಲವೇ ಎಂದು ಬೆರಳನ್ನು ಅದ್ದಿ ಮಗುವಿನ ಬಾಯಿಗೆ ಇಡಲು ಬಂದಳು. ನಾನು ಮಂಚಕ್ಕೆ ಅಡ್ಡ ಕೂತೆ. ತಮ್ಮ ಮನೆಯಲ್ಲಿ ಎಲ್ಲರಿಗೂ ಇದನ್ನೇ ಹಾಕಿದ್ದು, ಯಾರಿಗೇನಾಗಿದೆ ಎಂದು ತೆಲುಗಿನಲ್ಲಿ ಶುರು ಮಾಡಿದಳು. ನಾನೂ ತೆಲುಗಿನಲ್ಲೇ ಉತ್ತರ ಕೊಟ್ಟೆ, ಬೈಗುಳ ಮಾತ್ರ ಕನ್ನಡದಲ್ಲಿ ಬಂದವು. ವಾರ್ಡಿನ ಹೆಂಗಸರೆಲ್ಲ ಎದ್ದು ಕೂತರು. ಒಬ್ಬರಾದರೂ ನನ್ನ ಕಡೆ ಮಾತಾಡಲಿಲ್ಲ. ನನಗೆ ಯಾರ ಮಾತೂ ಬೇಕಿರಲಿಲ್ಲ. ಕೊನೆಗೆ ಬಾಗಿಲಲ್ಲಿ ನಿಂತು, ನನಗೆ ನಾಟಲೆಂದು ಕನ್ನಡದಲ್ಲೇ ಅವಳು ಅಂದದ್ದು ಇದು:

"ನಿನ್ನ ಮಗಳು ಬರೇ ತನ್ನ ಹಾಲು ಕುಡಿಸಿ ಒಂದನ್ನ ಮಣ್ಣಿಗಿಟ್ಟಾಳ. ಈ ಸಲ ಆಕಿ ಎದಿಗಿ ಹಚ್ಚಾಕ ನಾ ಬಿಡಂಗಿಲ್ಲ."

ಅಷ್ಟು ಹೊತ್ತು ಬಾಯಿ ಮುಚ್ಚದ ನಾನು ಆ ಮಾತಿಗೆ ಮಾತ್ರ ಉತ್ತರ ಕೊಡಲಿಲ್ಲ.

ಈಗ ಚೆನ್ನಾಗಿ ಕೇಳು. ಈ ತಿಂಗಳ ಕೊನೆಗೆ ನಿನ್ನ ದಿನ ತುಂಬುತ್ತದೆ. ಎರಡನೆಯದು ಗಂಡನ ಮನೆಯಲ್ಲೇ ಆಗಲಿ ಎಂದು ಅವರು ಹಟ ಹಿಡಿದದ್ದು ಯಾಕೆಂದು ಈಗ ನಿನಗೂ ಅರ್ಥವಾಗಿರಬೇಕು. ಎಮ್ಮಿಗನೂರಿನ ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ, ಮನೆಯಲ್ಲಿ ಬೇಡ. ಮಗು ಬಿದ್ದ ತಾಸಿನೊಳಗೆ ಎದೆಗೆ ಹಾಕಿಕೋ. ಹಳದಿ ಬಣ್ಣ, ಮಂದ, ನಾಲ್ಕೇ ಹನಿ ಎಂದು ಹೆದರಬೇಡ, ಗಿಣ್ಣು ಇರುವುದೇ ಹಾಗೆ. ಆರು ತಿಂಗಳು ಅದೊಂದೇ. ಜೇನುತುಪ್ಪ ಬೇಡ, ಹರಳೆಣ್ಣೆ ಬೇಡ, ನೀರೂ ಬೇಡ. ಯಾರಾದರೂ ಸೀಸೆ ಹಿಡಿದು ಬಂದರೆ ಕೂಗು, ನರ್ಸಮ್ಮನವರನ್ನು ಕರೆ. ಸೊಸೆ ಹೀಗೆ ಕೂಗುವುದೇ ಎಂದು ಜನ ಆಡಿಕೊಂಡರೆ ಆಡಿಕೊಳ್ಳಲಿ.

ನಮ್ಮ ಅಳಿಯ ಉದಯಕುಮಾರ ಮೆಡಿಕಲ್ ಶಾಪಿನಿಂದ ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಎಂದು ಯಾವುದೋ ಡ್ರಾಪ್ಸ್ ತಂದಿಟ್ಟಿದ್ದಾನೆ, ಅದನ್ನಾದರೂ ಹಾಕಲೇ ಎಂದು ನೀನು ಹಿಂದೆ ಕೇಳಿದ್ದೆ. ಅದನ್ನೂ ಹೇಮಾವತಿಯ ಹತ್ತಿರ ವಿಚಾರಿಸಿದೆ. ದಿನ ತುಂಬದೆ ಹುಟ್ಟಿದ ಸಣ್ಣ ಕೂಸುಗಳಿಗೆ ಡಾಕ್ಟರು ಕಣ್ಣೆದುರು ಇಟ್ಟುಕೊಂಡು ಅಂಥದನ್ನು ಕೊಡುವುದುಂಟಂತೆ. ತಾವಾಗಿ ತಂದು ಹಾಕುವುದಲ್ಲ. ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಾನೆ. ಆ ಡಬ್ಬಿಯನ್ನು ಡಾಕ್ಟರಿಗೆ ತೋರಿಸಲಿ. ತನ್ನ ಅವ್ವನ ಎದುರು ಬಾಯಿ ಬಿಡಲಾರದವನು ಡಬ್ಬಿ ತರುತ್ತಾನೆ ಅಷ್ಟೇ, ಅವನಿಗೆ ಈ ಸಲ ಬಾಯಿ ಬಿಡಬೇಕಾಗುತ್ತದೆ ಎಂದು ಹೇಳು.

ಸೋಮವಾರ ನಾನೇ ಬರುತ್ತೇನೆ. ಯಾರೂ ಕರೆಯಬೇಕಾಗಿಲ್ಲ. ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲೆ ಕೂರುತ್ತೇನೆ. ಮಳೆಯಲ್ಲೂ ಬಿಸಿಲಲ್ಲೂ ಕುರಿಗಳ ಹಿಂದೆ ನಿಂತವಳಿಗೆ ನಿಮ್ಮ ಕಟ್ಟೆ ಎಷ್ಟರದು. ಹೊಟ್ಟೆ ತುಂಬ ಉಣ್ಣು, ಭಾರ ಎತ್ತಬೇಡ, ಹೆದರಬೇಡ. ನೀನು ಹೆತ್ತು ಎದ್ದು ನೂರು ಕಾಲ ಬಾಳು, ಮಗು ನಿನ್ನ ತೊಡೆಯ ಮೇಲೆ ಬೆಳೆಯಲಿ.

ನಿನ್ನ ಅವ್ವ,
ಲಿಂಗಕ್ಕ

ಮತ್ತೆ ಒಂದು ಮಾತು. ಇಲ್ಲಿಯವರೆಗೆ ಬರೆದದ್ದೆಲ್ಲ ಸುಲಭವಾಗಿತ್ತು. ಐದು ವಾರ ತಡವಾಗಲು ಫೋನೊಂದೇ ಕಾರಣವಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಿನ್ನ ಮೊದಲ ಹೆರಿಗೆಯಾದಾಗ ನೀನು ಮೂರು ದಿನ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದೆ. ಆ ಮೂರು ದಿನ ಪಕ್ಕದ ಕೋಣೆಯಲ್ಲಿ ಮಗುವಿಗೆ ಕತ್ತೆ ಹಾಲು, ಸಕ್ಕರೆ ನೀರು ಹಾಕಿದವಳು ನಾನು. ನಿನ್ನ ಹಾಲನ್ನು ಹಿಂಡಿ ಚೆಲ್ಲಿದ್ದೂ ನಾನೇ. ಎಂಟನೇ ದಿನ ಹೊಟ್ಟೆ ಉಬ್ಬಿ ಅದನ್ನು ಆದೋನಿಗೆ ಒಯ್ದಾಗ, ಏನೇನು ಕುಡಿಸಿದ್ದೀರಿ ಎಂದು ಡಾಕ್ಟರು ಕೇಳಿದರು. ಬೈಯುತ್ತಾರೆಂದು ಹೆದರಿ, ಬರೀ ತಾಯಿಯ ಹಾಲು ಸ್ವಾಮಿ, ಬೇರೇನೂ ಇಲ್ಲ ಅಂದುಬಿಟ್ಟೆ. ನಿಮ್ಮತ್ತೆ ಪಕ್ಕದಲ್ಲೇ ಇದ್ದಳು. ಹಾಗಾದರೆ ಸೊಸೆಯ ಹಾಲೇ ವಿಷ ಎಂದು ಅವಳು ತಿಳಿದದ್ದು ನನ್ನ ಆ ಸುಳ್ಳಿನಿಂದ. ಮರುದಿನ ಮಗು ಹೋಯಿತು. ಕತ್ತೆ ಹಾಲಿನಿಂದಲೇ ಹೋಯಿತು ಎಂದು ಯಾರೂ ಖಂಡಿತ ಹೇಳಲಾರರು, ಹೇಮಾವತಿಯೂ ಹೇಳಲಿಲ್ಲ. ಆದರೆ ನಿನ್ನ ಹಾಲಿನ ಮೇಲೆ ಅಪವಾದ ಬಂದದ್ದು ನನ್ನ ಬಾಯಿಂದ. ನಾಲ್ಕು ವರ್ಷ ನೀನು ಅದನ್ನು ಹೊತ್ತೆ, ನಾನು ನೋಡುತ್ತಾ ಸುಮ್ಮನಿದ್ದೆ. ಸೋಮವಾರ ನಿಮ್ಮ ಬಾಗಿಲಲ್ಲಿ ನಿಂತು, ನಿಮ್ಮತ್ತೆಯೂ ಅಳಿಯನೂ ಓಣಿಯವರೂ ಕೇಳುವಂತೆ ಮೊದಲು ಇದನ್ನೇ ಹೇಳುತ್ತೇನೆ. ಆಮೇಲೆ ನನ್ನನ್ನು ಒಳಗೆ ಕರೆಯುವುದೋ ಬಿಡುವುದೋ ನಿನ್ನ ಇಷ್ಟ. ಮಗುವಿಗೆ ಮಾತ್ರ ನಿನ್ನ ಹಾಲನ್ನೇ ಕುಡಿಸು.