ಹಳದಿ ಪೆಟ್ಟಿಗೆಯಲ್ಲಿಟ್ಟ ಹಾಸಿಗೆ

ಜೂನ್ ೧೬, ಭಾನುವಾರ

ನನ್ನ ಪ್ರೀತಿಯ ತಂಗೀ,

ನಿನ್ನ ಯಜಮಾನರ ಮಂಡಿ ಈಗ ಮೆಟ್ಟಿಲು ಹತ್ತಲು ಬಿಡುತ್ತಿದೆಯೇ? ದೊಡ್ಡವಳ ಕೆಮ್ಮು ನಿಂತಿತೇ? ಗುಬ್ಬಚ್ಚಿಗೆ ಮುಂದಿನ ಹಲ್ಲು ಬಂತೇ, ಇಲ್ಲ ಮಾತಾಡಿದರೆ ಇನ್ನೂ ಬರೀ ಗಾಳಿಯೇ ಬರುತ್ತಿದೆಯೇ? ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ. ಬರೆಯಲು ಕೂತರೆ ಪೆನ್ನಿನ ಬಾಯಿಗೆ ಬೈಗುಳವೇ ಬರುತ್ತಿತ್ತು, ಅದನ್ನು ಅಂಚೆಗೆ ಹಾಕುವುದು ಹೇಗೆ?

ಅಂಗಡಿ ನಡೆಯುತ್ತಿದೆ. ಕ್ಷೌರದಂಗಡಿಯ ಕುರ್ಚಿಗೆ ಹೊಸ ಹೊದಿಕೆ ಹೊಲಿದುಕೊಟ್ಟೆ. ಹಳೆಯ ಸೋಫಾಗಳ ಹೊಟ್ಟೆ ಬಿಚ್ಚುವುದೇ ನನ್ನ ಕಸುಬು. ಸತ್ತ ಇಲಿ, ಕೊಳೆತ ಹಣ್ಣು, ಯಾರದೋ ಉಗುರು, ಎಲ್ಲವನ್ನೂ ಮೂಗು ಮುಚ್ಚದೆ ಬಾಚಿ ಎಸೆದವನು ನಾನು. ಅಂಥವನಿಗೆ ಈಚೆಗೆ ಊಟ ಸೇರುತ್ತಿಲ್ಲ. ಕಾರಣ ನಿನ್ನ ಮುದ್ದಿನ ಸೋದರಳಿಯ, ನನ್ನ ಮಗ.

ಅವನ ಕೆಲಸ ನಿನಗೆ ಗೊತ್ತಲ್ಲ, ಹೊಸ ರಸ್ತೆಯ ಮಣ್ಣು ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ಎಂದು ಒಂದು ಹಳದಿ ಯಂತ್ರ ಇಟ್ಟು ಅಳೆಯುವುದು. ಅದರ ಹೊಟ್ಟೆಯಲ್ಲಿ ವಿಕಿರಣ ಸೂಸುವ ಗುಳಿಗೆ ಇರುತ್ತದೆ. ಅದಕ್ಕೇ ಯಂತ್ರವನ್ನು ಅದರದೇ ಹಳದಿ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಗಾಡಿಗೆ ಸರಪಳಿಯಿಂದ ಬಿಗಿಯಬೇಕು.

ಸೊಸೆಗೆ ದಿನ ತುಂಬುತ್ತಿತ್ತು. ತೊಟ್ಟಿಲಿಗೆಂದು ಪುಟ್ಟ ಹಾಸಿಗೆ ಹೊಲಿದಿದ್ದೆ. ಮೊಳೆ ಹೊಡೆದು ಒರಟಾದ ಕೈ ನನ್ನದು. ಆದರೂ ಮಗುವಿನ ಬೆನ್ನಿಗೆ ಗಂಟು ಒತ್ತಬಾರದೆಂದು ಹೊಲಿಗೆಯನ್ನೆಲ್ಲ ಒಳಮೈಗೆ ತಿರುಗಿಸಿ ಹಾಕಿದೆ. ಒಯ್ಯಲು ಬಂದ ಮಗ ಗಾಡಿಯ ಹಿಂಭಾಗದ ಧೂಳು ನೋಡಿ ಪೆಟ್ಟಿಗೆಯ ಬೀಗ ತೆಗೆದ. ಯಂತ್ರವನ್ನು ಹೊರಗೆಳೆದು ಸಲಿಕೆಗಳ ಪಕ್ಕ ಒರಗಿಸಿ, ಹಾಸಿಗೆಯನ್ನು ಪೆಟ್ಟಿಗೆಯೊಳಗಿಟ್ಟ.

"ಅಪ್ಪಾ, ಗಾಡೀಲಿ ಇದಕ್ಕಿಂತ ಚೊಕ್ಕ ಜಾಗ ಇಲ್ಲ. ನನ್ನ ಬುತ್ತಿ, ಒಳ್ಳೆ ಅಂಗಿ ಎಲ್ಲ ಇದ್ರಲ್ಲೇ ಇಡೋದು."

ಮಗುವಿನದಲ್ಲವೇನೋ ಎಂದೆ. ಗುಳಿಗೆ ಸೀಸದೊಳಗೆ ಭದ್ರವಾಗಿದೆ, ಪೆಟ್ಟಿಗೆಗೆ ಏನೂ ಅಂಟುವುದಿಲ್ಲ ಎಂದು ಪಾಠ ಮಾಡಿದ. ಸರಿ, ಯಂತ್ರ ಬಿದ್ದರೆ ಎಂದೆ. "ಬಿದ್ರೆ ಚೆಲ್ಲೋಕೆ ಅದೇನು ಹಾಲಾ?" ಎಂದು ನಕ್ಕ.

ಮನೆಗೆ ಹೋಗುವ ದಾರಿಯ ತಿರುವಿನಲ್ಲಿ ಗಾಡಿಯ ಹಿಂಬಾಗಿಲು ತೆರೆದುಕೊಂಡು ಯಂತ್ರ ಬಿದ್ದುಹೋಯಿತು. ಮನೆಯಲ್ಲಿ ಹಾಸಿಗೆ ಇಳಿಸುವಾಗ ಅವನಿಗೆ ಗೊತ್ತಾಯಿತು. ಹುಡುಕಿಕೊಂಡು ಹೋಗಿದ್ದಾನೆ, ಸಿಕ್ಕಿಲ್ಲ. ಆಗ ಮಹಾಶಯ ಏನು ಮಾಡಿದ ಗೊತ್ತೇ? ಖಾಲಿ ಪೆಟ್ಟಿಗೆಗೆ ಬೀಗ ಜಡಿದು, ಮರುದಿನ ಕಂಪನಿಯವರ ಮುಂದೆ ತೆರೆದು ತೋರಿಸಿ, ಯಾರೋ ಬೀಗ ತೆಗೆದು ಕದ್ದಿದ್ದಾರೆ ಎಂದ.

ಕದ್ದವರು ಯಾರೂ ಇಲ್ಲ. ನನ್ನ ಪಕ್ಕದಂಗಡಿಯಲ್ಲಿ ಕೀಲಿ ಮಾಡುವ ಬೀಗದಣ್ಣ, ತಿರುವಿನಲ್ಲಿ ಬಿದ್ದಿದ್ದನ್ನು ಸೈಕಲ್ಲಿಗೆ ಕಟ್ಟಿ ತಂದು, 'ಹಳದಿ ಯಂತ್ರ ಸಿಕ್ಕಿದೆ, ಕಳೆದುಕೊಂಡವರು ಬನ್ನಿ' ಎಂದು ತನ್ನ ಅಂಗಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ. ಅದನ್ನು ಓದಿಯೇ ಕಂಪನಿಯವರು ಬಂದರು. ನಾನು ಅಂಗಡಿ ತಲುಪುವಷ್ಟರಲ್ಲಿ ಬೀದಿಗೆ ಅಡ್ಡ ಹಗ್ಗ, ಕೈಗವಸು ತೊಟ್ಟವರು, ಟಿಕ್ ಟಿಕ್ ಎನ್ನುವ ಮೀಟರು. ಯಂತ್ರಕ್ಕೆ ಏನೂ ಆಗಿಲ್ಲ, ಯಾರಿಗೂ ಅಪಾಯವಿಲ್ಲ ಎಂದು ಗೊತ್ತಾದದ್ದೇ ತಡ, ಚಪ್ಪಾಳೆ. ದೊಡ್ಡ ಸಾಹೇಬರು ತಮ್ಮ ಕರವಸ್ತ್ರದಿಂದ ಅದರ ಮೈ ಒರೆಸಿ, ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಅದೇ ಹೊತ್ತಿಗೆ ಪೊಲೀಸರು ಬೀಗದಣ್ಣನ ಕೊರಳಪಟ್ಟಿ ಹಿಡಿದಿದ್ದರು. ಗೀರೂ ಬೀಳದಂತೆ ಬೀಗ ತೆಗೆದು ಮತ್ತೆ ಹಾಕಬಲ್ಲವನು ಈ ಬೀದಿಯಲ್ಲಿ ಇನ್ನಾರು ಎಂಬುದು ಅವರ ತರ್ಕ.

ನನ್ನ ಮಗ ಅಲ್ಲೇ ನಿಂತಿದ್ದ. ಬೀಗದಣ್ಣನ ತೊಡೆಯ ಮೇಲೆ ಆಡಿ ಬೆಳೆದವನು. "ನೀನಾದ್ರೂ ಹೇಳೋ ಮರೀ, ನಾನು ಅಂಥವನಾ?" ಎಂದು ಬೀಗದಣ್ಣ ಕೇಳಿದ. ಮಗ ಅವನತ್ತ ತಿರುಗಲೂ ಇಲ್ಲ. ಪೊಲೀಸಿನವನಿಗೆ ಹೇಳಿದ: "ಅವರ ಕಸುಬೇ ಅದಲ್ವಾ ಸಾರ್."

ತಂಗೀ, ಆ ಮಾತು ಕೇಳಿದವನೇ ಮೋರಿಯ ಬಳಿ ಹೋಗಿ ವಾಂತಿ ಮಾಡಿಕೊಂಡೆ. ವಿಕಿರಣ ಬಡಿಯಿತೆಂದು ಜನ ನನ್ನಿಂದ ದೂರ ಓಡಿದರು. ಬಾಯಿ ತೊಳೆದು ಬರುವಷ್ಟರಲ್ಲಿ ಜೀಪು ಹೊರಟುಹೋಗಿತ್ತು.

ಸಂಜೆ ಮಗ ಬಂದ. ಹಾಸಿಗೆಯ ವಿಷಯ ಎತ್ತಬೇಡ, ಬೀಗದಣ್ಣನನ್ನು ಹೇಗೂ ಬಿಟ್ಟುಬಿಡುತ್ತಾರೆ, ತನ್ನ ಕೆಲಸ ಹೋದರೆ ಹುಟ್ಟುವ ಮಗುವಿನ ಗತಿಯೇನು ಎಂದು ನನ್ನ ಭುಜ ಹಿಡಿದು ಅತ್ತ. ಮೈಮೇಲೆ ಜಿರಳೆ ಹರಿದಂತಾಯಿತು. ಸ್ವಂತ ಮಗನ ಕೈ ಅದು, ಹೀಗೆ ಬರೆಯಲೂ ನಾಚಿಕೆ. ಬೆಳಗಾದ ಕೂಡಲೇ ಠಾಣೆಗೆ ಹೋದೆ.

"ಆ ಪೆಟ್ಟಿಗೇಲಿ ಇದ್ದದ್ದು ನಾನು ಹೊಲಿದ ಹಾಸಿಗೆ. ಯಂತ್ರ ಗಾಡೀಲಿ ಸಲಿಕೆ ಪಕ್ಕ ಒರಗಿತ್ತು" ಎಂದೆ. ಮಗನನ್ನು ಕರೆಸಿದರು. ನನ್ನೆದುರು ಸುಳ್ಳು ಹೊರಡದೆ ಎಲ್ಲ ಒಪ್ಪಿಕೊಂಡ.

ಬೀಗದಣ್ಣ ಹೊರಬಂದ. ಮಗನ ಕೆಲಸ ಹೋಯಿತು. ಕಂಪನಿಯವರು ಬೀಗದಣ್ಣನ ಕ್ಷಮೆ ಕೇಳಿದರೇ ಎನ್ನಬೇಡ. ಯಂತ್ರ ಸಿಕ್ಕಿತಲ್ಲ, ಅವರಿಗೆ ಅಷ್ಟು ಸಾಕು. ಬೀದಿಯವರಂತೂ ಅವನ ಕೈಗೆ ಕೀಲಿ ಕೊಡಲು ಈಗಲೂ ಹಿಂದೆಮುಂದೆ ನೋಡುತ್ತಾರೆ, ಥೂ. ನಾನು ನನ್ನ ಅಂಗಡಿಯ ಬೀಗಕ್ಕೆ ಇನ್ನೊಂದು ಕೀಲಿ ಮಾಡಿಸಿದೆ. "ನಿಂಗೆ ಒಂದಿದೆಯಲ್ಲಯ್ಯ" ಎಂದ. "ಇದು ನಿನ್ನ ಹತ್ರ ಇರಲಿ" ಎಂದೆ.

ನೀವೆಲ್ಲ ಚೆನ್ನಾಗಿರಿ, ನಿಮ್ಮ ಮನೆಯಲ್ಲಿ ನಗು ಉಳಿಯಲಿ. ಗುಬ್ಬಚ್ಚಿಯ ತಲೆಯನ್ನು ನನ್ನ ಪರವಾಗಿ ನೇವರಿಸು.

ಇಂತಿ ನಿನ್ನ ಅಣ್ಣ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಮೊನ್ನೆ ಸೊಸೆಯ ತಮ್ಮ ಬಂದು ಹಾಸಿಗೆಯನ್ನು ವಾಪಸು ಕೊಟ್ಟುಹೋದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಮಗು ಹುಟ್ಟಿದೆಯಂತೆ. ವಿಕಿರಣದ ಪೆಟ್ಟಿಗೆಯಲ್ಲಿದ್ದ ಹಾಸಿಗೆ ಅದಕ್ಕೆ ಬೇಡವೆಂದು ಭಾವ ಹೇಳಿದ್ದಾರೆ ಎಂದ. ಪೆಟ್ಟಿಗೆಗೆ ಏನೂ ಅಂಟುವುದಿಲ್ಲವೆಂದು ನನಗೆ ಪಾಠ ಮಾಡಿದವನೇ ಆ ಭಾವ. ಮಗು ಗಂಡೋ ಹೆಣ್ಣೋ ಎಂದು ಕೇಳಿದೆ. ಹೇಳಬಾರದೆಂದು ತಾಕೀತಾಗಿದೆ ಎಂದು ಅವನು ನೆಲ ನೋಡಿದ. ನಿನಗಂತೂ ತಿಳಿಸಿರುತ್ತಾರೆ. ಒಂದೇ ಸಾಲು ಸಾಕು, ಬೇಗ ಬರೆ.